ಅಪ್ಪನ ಎಸಿ ಕಾರು

ಎಸಿ ರಿಪೇರಿ ಮಾಡಿಸಲೇಬೇಕು ಎಂದು ಅಮ್ಮ ಪಟ್ಟು ಹಿಡಿದಾಗ ಮಗನಿಗೆ ತಲೆಬುಡ ಅರ್ಥವಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕಾರು ಮನೆ ಪಕ್ಕದ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅಮ್ಮನಿಗೆ ಓಡಿಸಲು ಬಾರದು, ಹೋಗಬೇಕಾದ ಊರೂ ಇಲ್ಲ. ಬ್ರೇಕು ಕೇಳಲಿಲ್ಲ, ಟೈರು ಕೇಳಲಿಲ್ಲ, ಎಸಿಯೊಂದೇ ಬೇಕಂತೆ.

"ಓಡಿಸದ ಕಾರಿಗೆ ಎಸಿ ಯಾಕಮ್ಮ?"

"ಮಾಡಿಸು ಅಂದ್ರೆ ಮಾಡಿಸು. ನಿಂಗ್ಯಾಕೆ ಉಳಿದಿದ್ದೆಲ್ಲ?"

ಮಗನದು ಕನ್ನಡಕದ ಅಂಗಡಿ. ಬಂದವರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ, "ಈಗ ಕಾಣ್ಸತ್ತಾ? ಈಗ?" ಎಂದು ಕೇಳುವುದೇ ಅವನ ಕಸುಬು. ತನ್ನ ಮನೆಯಲ್ಲಿ ನಡೆಯುವುದು ಮಾತ್ರ ಯಾವ ಗಾಜಿನಲ್ಲೂ ಅವನಿಗೆ ಸರಿಯಾಗಿ ಕಂಡದ್ದಿಲ್ಲ.

ಅಪ್ಪ ಸೀಟು ಹೊಲಿಯುವವರು. ಬಸ್ಸಿನ ಸೀಟು, ಸ್ಕೂಟರಿನ ಸೀಟು, ಕ್ಷೌರದಂಗಡಿಯ ಕುರ್ಚಿ. ಊರಿನ ಜನರೆಲ್ಲ ಒಂದಲ್ಲ ಒಂದು ಹೊತ್ತು ಅವರ ಹೊಲಿಗೆಯ ಮೇಲೆ ಕೂತವರೇ. ಮಾತು ಬಲು ಕಡಿಮೆ. ಹಲ್ಲಲ್ಲಿ ಸದಾ ಸೂಜಿ ಕಚ್ಚಿಕೊಂಡಿರುವ ಮನುಷ್ಯ ಮಾತಾಡುವುದಾದರೂ ಹೇಗೆ? ಒಂದು ಬೇಸಿಗೆಯಲ್ಲಿ ಅಮ್ಮ ಬಸ್ಸಿನಲ್ಲಿ ಸೆಕೆ ತಡೆಯದೆ ತಲೆ ಸುತ್ತಿ ಬಿದ್ದಳು. ಅದಾದ ಮೇಲೆ ಅಪ್ಪ ಯಾರೋ ದಲ್ಲಾಳಿಯ ಮಾತು ನಂಬಿ ಈ ಸೆಕೆಂಡ್ ಹ್ಯಾಂಡ್ ಕಾರು ತಂದರು. ಇಡೀ ಬೀದಿಗೆ ಅದೊಂದೇ ಎಸಿ ಕಾರು. ಮನೆ ಮುಂದೆ ನಿಲ್ಲಿಸಿ, ಆಚೀಚೆ ಮನೆಯವರಿಗೆಲ್ಲ ಕೇಳುವಂತೆ, "ಕಿಟಕಿ ಮುಚ್ಚಿ, ಎಸಿ ಹಾಕ್ತೀನಿ!" ಎಂದಿದ್ದರು. ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಮಗ ಕೇಳಿದ್ದು ಅದೊಂದೇ ಸಲ. ಅಮ್ಮ ಶಾಲು ಹೊದ್ದು, "ಅಬ್ಬಾ, ಎಂಥ ಚಳಿ ರೀ!" ಎನ್ನುತ್ತಿದ್ದಳು. ಮಗನಿಗೂ ಒಂದು ಸ್ವೆಟರು ಏರಿಸುತ್ತಿದ್ದಳು. ಆ ಚಳಿ ಅವನಿಗೆ ಇವತ್ತಿಗೂ ಚೆನ್ನಾಗಿ ನೆನಪಿತ್ತು.

ಎಸಿ ಕೆಲಸಕ್ಕೆ ಐಸಣ್ಣನೇ ಸರಿ ಎಂದು ಎಲ್ಲರೂ ಹೇಳಿದರು. ಹೆಸರು ಐಸಣ್ಣ, ಆದರೆ ಗ್ಯಾರೇಜಿನ ತಗಡಿನ ಕೆಳಗೆ ಬೆಂದು ಕೆಂಪಾಗಿದ್ದ. ಭಾಗಗಳನ್ನೆಲ್ಲ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಕೂರಿಸುತ್ತೇನೆ ಎಂದ. ಮೊದಲು ಹಳೇ ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಳ್ಳಲು ಹೋದರೆ ಮೀಟರಿನ ಮುಳ್ಳು ಅಲುಗಾಡಲೇ ಇಲ್ಲ.

"ಇಷ್ಟು ವರ್ಷ ಆದ್ಮೇಲೆ ಗ್ಯಾಸ್ ಎಲ್ಲಿರತ್ತೆ ಸಾರ್," ಎಂದು ಕಂಪ್ರೆಸರಿನ ನಟ್ಟು ಸಡಿಲಿಸಿದ. ಗ್ಯಾಸ್ ಹೋದರೂ ಒಳಗೆ ಎಣ್ಣೆ ಉಳಿದಿರಬೇಕು, ಅಲ್ಲಿಂದ ಒಂದು ಹನಿಯೂ ಬರಲಿಲ್ಲ. ಐಸಣ್ಣ ಹುಬ್ಬು ಗಂಟಿಕ್ಕಿ ಕಾರಿನೊಳಗೆ ತಲೆ ತೂರಿಸಿದ. ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆ ಬಿಚ್ಚಿ, ಕೂಲಿಂಗ್ ಕಾಯಿಲ್ ಇರುವ ಡಬ್ಬವನ್ನು ಮೆಲ್ಲಗೆ ಹೊರಗೆಳೆದು, ಬೆಳಕಿಗೆ ಹಿಡಿದು ನೋಡಿದ.

"ಸಾರ್, ಸ್ವಲ್ಪ ಬನ್ನಿ ಇಲ್ಲಿ."

ಕಾಯಿಲ್‌ನ ಎರಡು ಪೈಪುಗಳ ಬಾಯಿಗೂ ಪ್ಲಾಸ್ಟಿಕ್ ಮುಚ್ಚಳವಿತ್ತು.

"ಹೊಸ ಕಾಯಿಲ್ ಬರುವಾಗ ಧೂಳು ಹೋಗದೇ ಇರ್ಲಿ ಅಂತ ಹಾಕಿರ್ತಾರೆ. ಜೋಡಿಸುವಾಗ ತೆಗೀಬೇಕು. ಯಾರೋ ಅರ್ಧಕ್ಕೇ ಬಿಟ್ಟಿದಾರೆ, ಪೈಪ್ ಜೋಡಿಸೇ ಇಲ್ಲ."

"ಅಂದ್ರೆ?"

"ಅಂದ್ರೆ ಈ ಎಸಿ ಯಾವತ್ತೂ ಓಡಿಲ್ಲ. ಫ್ಯಾನ್ ತಿರುಗಿದೆ, ಅಷ್ಟೇ. ಬರೀ ಬಿಸಿಗಾಳಿ."

"ಏನ್ರೀ ಹೇಳ್ತೀರಿ? ಚಳಿಗೆ ನಾನು ಸ್ವೆಟರ್ ಹಾಕ್ಕೋತಿದ್ದೆ!"

"ಬೇಸಿಗೇಲಾ?" ಐಸಣ್ಣ ನಗು ತಡೆಯಲು ಮುಖ ತಿರುಗಿಸಿದ.

ಮಗ ಕಣ್ಣು ಕಣ್ಣು ಬಿಟ್ಟ. ಹಾಗಾದರೆ ಆ ಚಳಿ ಎಲ್ಲಿಂದ ಬಂತು? ಅಮ್ಮ ಸುಳ್ಳು ಹೇಳಿದಳೋ, ಅಪ್ಪ ಬೀದಿಗೆಲ್ಲ ಬುರುಡೆ ಬಿಟ್ಟರೋ, ಇಲ್ಲ ತಾನೇ ಹುಟ್ಟಾ ಪೆದ್ದನೋ? ದೊಡ್ಡವನಾದ ಮೇಲೆ ಆ ಕಾರು ಓಡಿಸಿದಾಗೆಲ್ಲ ಎಸಿ ಹಳತಾಗಿದೆ, ಸೊರಗಿದೆ ಎಂದೇ ಅಂದುಕೊಂಡಿದ್ದ. ಇದ್ದರೆ ತಾನೇ ಸೊರಗುವುದು!

"ಇದೊಂದು ಗೊತ್ತಾಗ್ತಿಲ್ಲ ನೋಡಿ," ಎಂದು ಐಸಣ್ಣ ಕಾಯಿಲ್ ತಿರುಗಿಸಿದ. ಒಂದು ಮುಚ್ಚಳ ಬಿರುಕು ಬಿಟ್ಟಿತ್ತು. ಅದರ ಮೇಲೆ ಕಂದು ರೆಕ್ಸಿನ್ನಿನ ಪುಟ್ಟ ಟೋಪಿ, ಸುತ್ತ ಕೈಹೊಲಿಗೆ. ಪ್ರತಿ ಮೂರನೇ ಹೊಲಿಗೆ ಹಿಂದಕ್ಕೆ ತಿರುಗಿ ತನ್ನನ್ನೇ ಬಿಗಿದುಕೊಂಡಿತ್ತು. ಆ ಹೊಲಿಗೆಯ ಮೇಲೆಯೇ ಮಗ ಬೆಳೆದದ್ದು. ಆ ಕಂದು ರೆಕ್ಸಿನ್ನು ಅಪ್ಪನ ಅಂಗಡಿಯಲ್ಲಿದ್ದದ್ದು ಅವನಿನ್ನೂ ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ.

"ಇದನ್ನ ಹೊಲಿದವರಿಗೆ ಪೈಪ್ ಜೋಡಿಸಿಲ್ಲ ಅಂತ ಗೊತ್ತಾಗಿರತ್ತಾ?"

"ಮುಚ್ಚಳದ ಮೇಲೇ ಹೊಲಿದಿದಾರಲ್ಲ ಸಾರ್. ಗೊತ್ತಾಗದೆ ಏನು?"

ಮಗನ ತಲೆ ಇನ್ನಷ್ಟು ಕೆಟ್ಟಿತು. ಮೋಸ ಹೋದೆ ಎಂದು ತಿಳಿದ ಮೇಲೂ ಮನುಷ್ಯ ಕಿಟಕಿ ಮುಚ್ಚಿ ಬೆವರುತ್ತ ಕೂರುತ್ತಾನೆಯೇ? ಅಪ್ಪ ಎಂಬುವವರು ಯಾರು ಎಂಬುದೇ ಗೊತ್ತಿಲ್ಲದಂತಾಗಿ ಮನೆಗೆ ಬಂದ.

ಅಮ್ಮ ಊಟದ ಮೇಜಿನ ಬಳಿ ಬೀನ್ಸ್ ಬಿಡಿಸುತ್ತಿದ್ದಳು. ಅವನ ಮುಖ ನೋಡಿಯೇ ಕೈ ನಿಲ್ಲಿಸಿದಳು.

"ಗೊತ್ತಾಯ್ತಾ ನಿಂಗೆ?"

"ನಿಂಗೆ ಯಾವಾಗ ಗೊತ್ತಾಗಿದ್ದು?"

"ಮೊದಲನೇ ದಿನಾನೇ. ಬೆವರು ಇಳೀತಿತ್ತು ಕಣೋ. ಆದ್ರೆ ನಿಮ್ಮಪ್ಪನ ಮುಖ ನೋಡ್ಬೇಕಿತ್ತು! ನಂಗೋಸ್ಕರ ಅಂತ ತಂದಿದ್ದು. ಬಾಯಿಗೆ ಬಂದಿದ್ದು ಚಳಿ ಅಂತಾನೇ. ಅವರು ನಂಬಿದ್ರು. ಆಮೇಲೆ ಬಿಡೋಕೆ ಆಗ್ಲಿಲ್ಲ."

ಅವಳು ಬೀನ್ಸಿನ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕೊನೇ ಸಲ ಆಸ್ಪತ್ರೆಗೆ ಹೋಗುವಾಗ ನೀನು ಮುಂದೆ ಓಡಿಸ್ತಿದ್ದೆ. ಹಿಂದೆ ನನ್ನ ತೊಡೆ ಮೇಲೆ ಮಲಗಿದ್ರು. ಕಿಟಕಿ ತೆಗಿ ಅಂದ್ರು. ಅಷ್ಟು ವರ್ಷದ ಅಭ್ಯಾಸ ನೋಡು, 'ಎಸಿ ಹಾಕಿದೆ ರೀ' ಅಂದುಬಿಟ್ಟೆ. ನನ್ನ ಮುಖ ನೋಡಿ ನಕ್ಕರು. ಮತ್ತೆ ಕೇಳಲೇ ಇಲ್ಲ. ಒಂದಿಷ್ಟು ಗಾಳಿ ಕೇಳಿದ್ರು ಕಣೋ, ಅದನ್ನೂ ಕೊಡದೆ ಸುಳ್ಳು ಹೇಳಿದೆ. ಅದೊಂದು ಸುಳ್ಳಾದ್ರೂ ನಿಜ ಆಗ್ಲಿ ಅಂತ ರಿಪೇರಿ ಮಾಡ್ಸು ಅಂದಿದ್ದು."

ಹೇಳಿದರೆ ಅವಳ ಮನಸ್ಸು ಹಗುರವಾಗುತ್ತದೋ, ಗಂಡನನ್ನು ಸಂತೋಷಪಡಿಸಿದ್ದೆ ಎಂಬ ಸಮಾಧಾನವೂ ಹೋಗುತ್ತದೋ, ಮಗನಿಗೆ ತೋಚಲಿಲ್ಲ. ಕೊನೆಗೆ ಹೇಳಿಯೇ ಬಿಟ್ಟ.

"ಅಪ್ಪಂಗೆ ಗೊತ್ತಿತ್ತಮ್ಮ. ನಾನು ಸಣ್ಣವನಿದ್ದಾಗಲೇ ಅದನ್ನ ಬಿಚ್ಚಿ ನೋಡಿದಾರೆ. ಒಡೆದ ಮುಚ್ಚಳಕ್ಕೆ ರೆಕ್ಸಿನ್ ಹೊಲಿದು ಮತ್ತೆ ಒಳಗಿಟ್ಟಿದಾರೆ."

ಅಮ್ಮನಿಗೆ ತಕ್ಷಣ ತಲೆಗೆ ಹತ್ತಲಿಲ್ಲ.

"ಗೊತ್ತಿದ್ದೂ ಕಿಟಕಿ ಮುಚ್ಚು ಅಂತಿದ್ರಾ?"

"ಹೂಂ."

"ನಾನು ಶಾಲು ಹೊದ್ಕೊಂಡು ನಡುಗೋದನ್ನ ನೋಡ್ಕೊಂಡು ಕೂತಿರ್ತಿದ್ರಾ?"

"ಕೂತಿರ್ತಿದ್ರು."

"ಹಾಗಾದ್ರೆ ಅವತ್ತು ನಕ್ಕಿದ್ದು..."

ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದು ಮಗ ಎದ್ದರೆ, ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

"ಕಳ್ಳ!" ಎಂದಳು.

ಬದುಕಿದ್ದಾಗ ಗಂಡನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವಳಲ್ಲ. ಈಗ ಕಣ್ಣೊರೆಸಿಕೊಂಡು ಇನ್ನೊಮ್ಮೆ ಕರೆದಳು.