ರಾಣಿ ಡಬ್ಬಿಯ ಸೀಲು

ಆಗೆಲ್ಲ ನಮ್ಮ ಶನಿವಾರಸಂತೆಯಲ್ಲಿ ಕಣ್ಣಿಂದ ನೋಡಿ, ಮೂಗಿಂದ ಮೂಸಿ, ಕೊನೆಗೆ ಬಾಯಿಗೂ ಒಂದಿಷ್ಟು ಹಾಕಿಕೊಂಡು ನೋಡದೆ ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯಲ್ಲೇ ನಮ್ಮದೇ ಸರ್ಕಾರ ಇತ್ತಲ್ಲ ಎಂದು ದೊಡ್ಡವರು ಪೇಚಾಡುತ್ತಿದ್ದರೆ, ರಾಜ್ಯ ಯಾವುದಾದರೂ ಸಂತೆ ಶನಿವಾರವೇ ತಾನೆ ಎಂದು ನಾವು ಮಕ್ಕಳು ನೆಮ್ಮದಿಯಾಗಿದ್ದೆವು. ಬೆಲ್ಲದವನು ಅಚ್ಚಿನ ಮೂಲೆ ಮುರಿದು ಕೈಗಿಡಬೇಕಿತ್ತು. ಬೆಣ್ಣೆಯವಳು ಉಂಡೆಯನ್ನು ಇಬ್ಭಾಗ ಮಾಡಿ ಒಳಗೆ ಮಜ್ಜಿಗೆ ನಿಂತಿಲ್ಲವೆಂದು ತೋರಿಸಬೇಕಿತ್ತು. ಕಾಫಿ ವ್ಯಾಪಾರಿಯಂತೂ ಮೂಟೆಯ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಬೀಜ ಹೊರಗೆಳೆದು ಮೂಸಿದ ಮೇಲೆಯೇ ಮಾತಿಗೆ ಬರುತ್ತಿದ್ದ.

ನಮ್ಮಜ್ಜಿ ಕಿತ್ತಳೆ ಮಾರುತ್ತಿದ್ದಳು. ಕಾಫಿ ಕೊಯ್ಲು ನಡೆಯುವ ಚಳಿಗಾಲದಲ್ಲೇ ಕಿತ್ತಳೆಯೂ ಹಣ್ಣಾಗುತ್ತಿತ್ತು. ಹಿತ್ತಲಿನ ಮರಗಳಿಂದ ಇಬ್ಬನಿ ಆರುವ ಮುಂಚೆಯೇ ಇಳಿಸಿದ ಹಣ್ಣು, ಸಿಪ್ಪೆ ಸಡಿಲ, ಮುಟ್ಟಿದರೆ ಕೈಯೆಲ್ಲ ಪರಿಮಳ. ಗಿರಾಕಿ ಬಂದು ನಿಂತರೆ ಸಾಕು, ಬೆಲೆ ಕೇಳುವ ಮೊದಲೇ ಅಜ್ಜಿ ಒಂದನ್ನು ಸುಲಿದು ತೊಳೆಯನ್ನು ಅವರ ಕೈಗೆ ಹಾಕುವಳು. "ತಿಂದ್ ನೋಡ್ರವ್ವ, ಹುಳಿ ಇದ್ರೆ ಬ್ಯಾಡ" ಎನ್ನುವಳು. ಸಿಪ್ಪೆಗಳೆಲ್ಲ ನನ್ನ ಪಾಲು. ಅವನ್ನು ಮಡಚಿ ಗೆಳತಿಯರ ಕಣ್ಣಿಗೆ ರಸ ಚಿಮ್ಮಿಸುವುದು, ಅವರು ಅತ್ತುಕೊಂಡು ಓಡುವುದು, ಇನ್ನೊಂದು ಗಳಿಗೆಗೆ ಅವರೇ ಬಂದು ನನ್ನ ಕಣ್ಣಿಗೆ ಚಿಮ್ಮಿಸುವುದು, ಇದೇ ನಮ್ಮ ಸಂತೆಯ ಆಟ.

ಅಜ್ಜಿಯ ಪಕ್ಕದ ಗೋಣಿತಾಟು ನಂಜಪ್ಪ ಚಿಕ್ಕಪ್ಪನದು. ಚಿಕ್ಕಪ್ಪ ಅಜ್ಜಿಯ ಕೊನೆಯ ಮಗ, ಇನ್ನೂ ಮದುವೆಯಾಗಿರಲಿಲ್ಲ, ನಗಿಸಿ ನಗಿಸಿ ವ್ಯಾಪಾರ ಮಾಡುವ ಆಸಾಮಿ. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಕಾಫಿ ತೋಟ ಮಾರಿ ಇಂಗ್ಲೆಂಡಿಗೆ, ತಮ್ಮ ಸೀಮೆಗೆ ಹೊರಡುತ್ತಿದ್ದ ಕಾಲ ಅದು. ಅವರ ಬಂಗಲೆಗಳಲ್ಲಿ ಹರಾಜಾದ ಸಾಮಾನನ್ನು ಚಿಕ್ಕಪ್ಪ ತಂದು ಸಂತೆಯಲ್ಲಿ ಮಾರುತ್ತಿದ್ದ. ಹಿಡಿ ಮುರಿದ ಕಪ್ಪು, ಗಾಜಿಲ್ಲದ ಲಾಂದ್ರ, ಯಾರಿಗೂ ಯಾತಕ್ಕೆಂದು ಗೊತ್ತಾಗದ ಚಮಚಗಳು. ಪೇಟೆಬೀದಿಯಲ್ಲಿ ಜವಳಿ ಅಂಗಡಿಯ ಪಕ್ಕ ಒಂದು ಮಳಿಗೆ ಖಾಲಿ ಬಿದ್ದಿತ್ತು. ಅದನ್ನು ಹಿಡಿಯಬೇಕು, ಬಾಗಿಲಿಗೆ ನೀಲಿ ಬಣ್ಣ ಹೊಡೆಸಬೇಕು ಎಂದು ಅವನ ಆಸೆ. ಅಂಗಡಿ ಆದ ದಿನ ನನ್ನನ್ನು ದುಡ್ಡಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದ. ಹಾಗಾಗಿ ಆ ಮಳಿಗೆ ಅರ್ಧ ನನ್ನದೂ ಹೌದು ಎಂದೇ ನಾನು ತಿಳಿದಿದ್ದೆ.

ಆ ವರ್ಷ ಅವನ ಕೈಗೆ ರಾಣಿ ಡಬ್ಬಿಗಳು ಸಿಕ್ಕವು. ಯಾವುದೋ ಬಂಗಲೆಯ ಉಗ್ರಾಣದಲ್ಲಿ ಮಳೆಗಾಲಗಳನ್ನು ಕಳೆದ ಮಿಠಾಯಿ ಡಬ್ಬಿಗಳು. ಮುಚ್ಚಳದ ಮೇಲೆ ಕಿರೀಟ ಇಟ್ಟುಕೊಂಡ ರಾಣಿಯ ಚಿತ್ರ, ಅಂಚಿಗೆಲ್ಲ ಚಿನ್ನದ ಬಳ್ಳಿ, ಮುಚ್ಚಳದ ಸುತ್ತ ಅಂಟಿಸಿದ ಕಾಗದದ ಪಟ್ಟಿ. ಆ ಪಟ್ಟಿಯೇ ಸೀಲು. ಮೊದಲ ಡಬ್ಬಿ ಕೊಂಡವರು ಪೋಸ್ಟ್ ಮಾಸ್ತರರ ಹೆಂಡತಿ ಕಮಲಮ್ಮ. ಅವರು ಅದನ್ನು ಗಾಜಿನ ಬೀರುವಿನಲ್ಲಿ ಇಟ್ಟದ್ದೇ ತಡ, ಊರಿನಲ್ಲಿ ಬೀರು ಇದ್ದವರಿಗೆಲ್ಲ ಒಂದೊಂದು ರಾಣಿ ಡಬ್ಬಿ ಬೇಕೆನಿಸಿತು. ಬೀರು ಇಲ್ಲದವರು ದೇವರ ಗೂಡಿನ ಪಕ್ಕ ಇಟ್ಟರು. ಸೀಲು ಒಡೆಯದಿದ್ದರೆ ಮಾತ್ರ ಅದಕ್ಕೆ ಮರ್ಯಾದೆ. ಒಡೆದದ್ದು ಬರೀ ಉಪ್ಪಿನ ಡಬ್ಬಿ. ಮದುವೆಯಲ್ಲಿ ಮುಯ್ಯಿಗೂ ಅದನ್ನೇ ಕೊಡತೊಡಗಿದರು. ಕಮಲಮ್ಮ ಯಾರದೋ ಮದುವೆಗೆ ಕೊಟ್ಟ ಡಬ್ಬಿಯೊಂದು ಮನೆಯಿಂದ ಮನೆಗೆ ಮುಯ್ಯಾಗಿ ತಿರುಗಿ, ಅವರ ಮೊಮ್ಮಗುವಿನ ನಾಮಕರಣಕ್ಕೆ ಅವರಲ್ಲಿಗೇ ವಾಪಸು ಬಂತು. ತಳದಲ್ಲಿದ್ದ ತಗ್ಗು ನೋಡಿ ಗುರುತು ಹಿಡಿದರಂತೆ. ಅಷ್ಟು ಮನೆ ಸುತ್ತಿದರೂ ಒಬ್ಬರೂ ಅದರ ಮುಚ್ಚಳ ತೆಗೆದಿರಲಿಲ್ಲ.

ಡಬ್ಬಿಗಳನ್ನು ಒರೆಸಿ ಜೋಡಿಸುವುದು ನನ್ನ ಕೆಲಸ. ಒರೆಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಕೆಲವು ಗಡಗಡ ಎನ್ನುತ್ತಿದ್ದವು. ಕೆಲವಕ್ಕೆ ಸದ್ದೇ ಇಲ್ಲ. ಗಿರಾಕಿಗಳೂ ಅಲ್ಲಾಡಿಸಿ ನೋಡಿ ಸದ್ದಿನವನ್ನೇ ಒಯ್ಯುತ್ತಿದ್ದರಿಂದ, ಬರಬರುತ್ತ ಗೋಣಿತಾಟಿನ ಮೇಲೆ ಮೂಕ ಡಬ್ಬಿಗಳೇ ಉಳಿದವು.

"ಇದ್ಯಾಕಪ್ಪ ಸದ್ದೇ ಬರಾಕಿಲ್ಲ?" ಎಂದು ಯಾರಾದರೂ ಕೇಳಿದರೆ ಚಿಕ್ಕಪ್ಪ ಹುಬ್ಬೇರಿಸಿ, "ಒಳ್ಗೆ ಗಿಡಿದು ತುಂಬವ್ರೆ ಕಣಣ್ಣ. ಅಲ್ಲಾಡಾಕೆ ಜಾಗ ಎಲ್ಲೈತೆ?" ಎನ್ನುತ್ತಿದ್ದ. ಅವರು ನಕ್ಕು ಕೊಂಡೊಯ್ಯುತ್ತಿದ್ದರು.

ಅಜ್ಜಿಗೆ ಮಾತ್ರ ಈ ಮಾತು ಹಿಡಿಸುತ್ತಿರಲಿಲ್ಲ. "ಲೇ ನಂಜ, ಒಳ್ಗೆ ಏನೈತೆ ಅಂತ ನಿಂಗೇನ್ಲಾ ಗೊತ್ತು? ನೀನೂ ತೆಗ್ದು ನೋಡಿಲ್ಲ."

"ಯಾರ್ ತೆಗೀತಾರೆ ಬಿಡವ್ವ. ನೋಡಾಕೆ ಅಂತ ತಗಂಡೋಗೋರಿಗೆ ಒಳ್ಗೆ ಏನಿದ್ರೇನು? ನಾನು ಮಾರಾದು ಮೇಲಿನ ರಾಣಿನ."

"ರಾಣಿ ಮಾರಂಗಿದ್ರೆ ಬರೀ ಮುಚ್ಚಳ ಮಾರು."

ಚಿಕ್ಕಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ನನಗೋ ಇಬ್ಬರೂ ಸರಿಯೆನಿಸುತ್ತಿತ್ತು. ತೆಗೆಯುವುದೇ ಇಲ್ಲ ಎಂದ ಮೇಲೆ ಒಳಗೆ ಕೆಟ್ಟಿದ್ದರೆ ಯಾರಿಗೆ ನಷ್ಟ? ಈಗಲೂ ಒಮ್ಮೊಮ್ಮೆ ಕೂತು ಯೋಚಿಸಿದರೆ ಚಿಕ್ಕಪ್ಪನ ವಾದದಲ್ಲಿ ತಪ್ಪು ಹುಡುಕುವುದು ಅಷ್ಟು ಸುಲಭವಲ್ಲ.

ಅಷ್ಟರಲ್ಲಿ ಹಾಸನದ ಕಡೆಯ ವರ್ತಕನೊಬ್ಬ ಬಂದು ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಂದಿನ ಸಂತೆಗೆ ಬಂದು ಉಳಿದದ್ದಷ್ಟನ್ನೂ ಒಟ್ಟಿಗೆ ಕೊಳ್ಳುತ್ತೇನೆ, ಆದರೆ ಒಂದರ ಸೀಲೂ ಹರಿದಿರಕೂಡದು ಎಂದ. ಆ ದುಡ್ಡು ಬಂದರೆ ಮಳಿಗೆ ಹಿಡಿದ ಹಾಗೆಯೇ ಎಂದು ಚಿಕ್ಕಪ್ಪ ಆ ಸಂಜೆಯೇ ನನ್ನನ್ನು ಕರೆದುಕೊಂಡು ಹೋಗಿ ಖಾಲಿ ಮಳಿಗೆಯ ಮುಂದೆ ನಿಲ್ಲಿಸಿದ. "ಗೌರಿ, ನಿನ್ ಗಲ್ಲಾ ಅಲ್ಲಿ ಬತ್ತದೆ ನೋಡು" ಎಂದು ಬಾಗಿಲ ಸಂದಿಯಿಂದ ಬೆರಳು ತೋರಿಸಿದ. ಒಳಗೆ ಕತ್ತಲೆ ಬಿಟ್ಟರೆ ನನಗೇನೂ ಕಾಣಲಿಲ್ಲ. ಆದರೂ ಕಂಡಿತು ಎಂದೆ.

ಆ ಮುಂದಿನ ಸಂತೆಯ ಬೆಳಿಗ್ಗೆ, ವರ್ತಕ ಇನ್ನೂ ಬಂದಿರಲಿಲ್ಲ, ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ಆಯಾ ಸೆಲ್ಲಮ್ಮ ಬಂದಳು. ದೊರೆಯೊಬ್ಬನ ಬಂಗಲೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಮುದುಕಿ. ದೊರೆ ಹೋದ ಮೇಲೆ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬಳೇ ಇದ್ದಳು. ಮನೆಮಾತು ತಮಿಳು, ಕನ್ನಡವನ್ನು ತನಗೆ ಬೇಕಾದ ಹಾಗೆ ಬಗ್ಗಿಸಿಕೊಂಡು ಆಡುತ್ತಿದ್ದಳು. ಸೆರಗಿನೊಳಗೆ ಒಂದು ಕರಿ ಕೋಳಿ ಇತ್ತು.

"ಅಯ್ಯಾ, ಈ ಕೋಳಿ ತಗೊಂಡು ಆ ಡಬ್ಬಿ ಒಂದು ಕೊಡಿ. ಒಳ್ಳೆ ಮೊಟ್ಟೆ ಇಡ್ತದೆ."

"ಲೈನ್ ಮನೇಲಿ ರಾಣಿನ ಎಲ್ಲಿ ಕೂರಿಸ್ತೀಯ ಆಯಾ?" ಎಂದು ಚಿಕ್ಕಪ್ಪ ತಮಾಷೆ ಮಾಡಿದ.

"ಕೂರ್ಸೋದು ಇಲ್ಲ ಅಯ್ಯಾ. ತೆಗ್ದು ತಿನ್ನೋದು."

ಚಿಕ್ಕಪ್ಪನ ನಗು ಅಲ್ಲೇ ನಿಂತಿತು. ಸೆಲ್ಲಮ್ಮ ತನ್ನ ಪಾಡಿಗೆ ಹೇಳಿಕೊಂಡು ಹೋದಳು. "ನಮ್ಮ ಬೇಬಿ ಇತ್ತಲ್ಲ, ಊಟ ಆದ್ಮೇಲೆ ಒಂದು ಮಿಠಾಯಿ ತಾನು ತಿನ್ನೋದು, ಒಂದು ನನ್ನ ಬಾಯಿಗೆ ಹಾಕೋದು. 'ಆಯಾ, ಕಣ್ಣು ಮುಚ್ಚು' ಅನ್ನೋದು. ಸ್ಕೂಲಿಗೆ ಅಂತ ಸೀಮೆಗೆ ಕಳ್ಸಿಬಿಟ್ರು. ಈಗ ಅದರ ಮುಖ ಸರಿಯಾಗಿ ನೆನಪಿಗೆ ಬರೋದಿಲ್ಲ ಅಯ್ಯಾ. ಆ ಮಿಠಾಯಿ ಬಾಯಿಗೆ ಬಿದ್ರೆ ಬರ್ತದೋ ಏನೋ."

ಚಿಕ್ಕಪ್ಪ ಕೋಳಿಯನ್ನು ಇಸಿದುಕೊಂಡು ಗೂಟಕ್ಕೆ ಕಟ್ಟಿದ, ಒಂದು ಡಬ್ಬಿ ಎತ್ತಿ ಕೊಟ್ಟ. ಸೆಲ್ಲಮ್ಮ ಅದನ್ನು ಅಲ್ಲಾಡಿಸಿ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಹೊರಟಳು.

ಪಕ್ಕದಲ್ಲಿ ಅಜ್ಜಿ ಗಿರಾಕಿಗೆ ಕಿತ್ತಳೆ ಸುಲಿಯುತ್ತಿದ್ದಳು. ಮಗನ ಕಡೆ ತಿರುಗಿ ನೋಡಲಿಲ್ಲ. "ತಿಂದ್ ನೋಡ್ರವ್ವ, ಹುಳಿ ಇದ್ರೆ ಬ್ಯಾಡ" ಎಂದು ಎಂದಿನ ಹಾಗೆ ತೊಳೆ ಕೊಟ್ಟಳು. ಚಿಕ್ಕಪ್ಪ ಆ ಸಿಪ್ಪೆಯನ್ನೇ ನೋಡುತ್ತ ಕೂತ. ಅವನ ಮುಖ ನೋಡಿ ನನಗೆ ಭಯವಾಯಿತು. ಅವಳನ್ನು ವಾಪಸು ಕರೆಯಬೇಡ ಚಿಕ್ಕಪ್ಪ, ಕರೆಯಬೇಡ, ನನ್ನ ಗಲ್ಲಾ ಹೋಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಆಯಾ, ವಸಿ ನಿಂತ್ಕೊ!" ಎಂದು ಅವನು ಕೂಗಿದ.

ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಅಜ್ಜಿಯ ಚಾಕುವಿನಿಂದ ಸೀಲನ್ನು ಸರ್ರನೆ ಸೀಳಿದ. ಮುಚ್ಚಳ ಜಗ್ಗಿದಾಗ ತುಕ್ಕಿನ ಪುಡಿ ಉದುರಿತು. ಒಳಗೆ ಕಪ್ಪು ಕೆಸರು, ಸತ್ತ ಇರುವೆಗಳು, ಕೊಳೆತ ಬಟ್ಟೆಯ ವಾಸನೆ. ಸೆಲ್ಲಮ್ಮ ಸೆರಗನ್ನು ಮೂಗಿಗೆ ಹಿಡಿದಳು. ಚಿಕ್ಕಪ್ಪ ಇನ್ನೊಂದನ್ನು ತೆಗೆದುಕೊಂಡ. ಅದೂ ಹಾಗೇ. ಮತ್ತೊಂದು. ಅದರಲ್ಲಿ ಮಿಠಾಯಿ ಸುತ್ತಿದ ಕಾಗದಕ್ಕೆಲ್ಲ ಹಸಿರು ಬೂಷ್ಟು.

ಅಷ್ಟರಲ್ಲಿ ಜನ ಸೇರಿದರು. ಕೊತ್ತಂಬರಿ ಸೊಪ್ಪು ಕೊಳ್ಳಲು ಬಂದಿದ್ದ ಕಮಲಮ್ಮ ಸೊಪ್ಪನ್ನು ಅಲ್ಲೇ ಬಿಟ್ಟು ಓಡಿ ಬಂದರು. "ಅಯ್ಯೋ ನಂಜಪ್ಪ, ನಿನಗೇನು ಬಂತೋ! ನೀನು ಹೀಗೆ ತೆಗೆದು ತೋರಿಸಿದರೆ ನಮ್ಮ ಮನೆ ಡಬ್ಬಿಯ ಗತಿ ಏನೋ?"

"ನಿಮ್ದು ಗಡಗಡ ಅಂತಿತ್ತಲ್ಲ ಅಮ್ಮಾವ್ರೆ, ಚೆನ್ನಾಗೇ ಇರ್ಬೋದು. ಬೇಕಾದ್ರೆ ತತ್ತನ್ನಿ, ಅದನ್ನೂ ತೆಗ್ದು ನೋಡಾನ."

"ಬೇಡಪ್ಪ, ಬೇಡ" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಚಿಕ್ಕಪ್ಪನ ಕೈ ನಿಲ್ಲಲಿಲ್ಲ. ನಾನು ಅತ್ತುಬಿಟ್ಟೆ. ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡು ಬೆನ್ನ ಮೇಲೆ ಕೈ ಇಟ್ಟಳು. ಅವಳ ಬೆರಳಿನ ಕಿತ್ತಳೆ ವಾಸನೆ ಈಗಲೂ ನೆನಪಿದೆ. ಕೊನೆಗೆ ಉಳಿದದ್ದು ಒಂದೇ ಡಬ್ಬಿ. ಅದರೊಳಗೆ ಮಿಠಾಯಿಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿ ಕೂತಿದ್ದವು. ಬೂಷ್ಟು ಇರಲಿಲ್ಲ. ಚಿಕ್ಕಪ್ಪ ಅದನ್ನು ಮೂಸಿದ. ಅಜ್ಜಿಗೂ ಮೂಸಲು ಕೊಟ್ಟ. ತೂಕದ ಕಲ್ಲಿನಿಂದ ಕುಟ್ಟಿ ನಡುವಿನ ಚೂರು ಬಿಡಿಸಿ, ಮೊದಲು ತಾನು ನಾಲಗೆಯ ಮೇಲೆ ಇಟ್ಟುಕೊಂಡು ನೋಡಿದ. ಆಮೇಲೆ ಸೆಲ್ಲಮ್ಮನ ಅಂಗೈಯಲ್ಲಿ ಒಂದು ಚೂರು ಇಟ್ಟ.

"ತಿಂದ್ ನೋಡು ಆಯಾ. ಸರಿ ಇಲ್ದಿದ್ರೆ ಬ್ಯಾಡ."

ಸೆಲ್ಲಮ್ಮ ಅದನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಅಷ್ಟು ಗದ್ದಲದ ಸಂತೆಯಲ್ಲಿ ನಾವಷ್ಟೂ ಜನ ಒಬ್ಬ ಮುದುಕಿ ಮಿಠಾಯಿ ಚೀಪುವುದನ್ನು ನೋಡುತ್ತ ನಿಂತೆವು.

"ಬಂತು ಅಯ್ಯಾ" ಎಂದಳು ಕೊನೆಗೆ. "ಮೂಗಿನ ಮೇಲೆ ಸಣ್ಣ ಸಣ್ಣ ಚುಕ್ಕಿ ಇತ್ತು. ಅದೂ ಬಂತು."

ಕೋಳಿ ವಾಪಸು ತೆಗೆದುಕೊಂಡು ಹೋಗು ಎಂದು ಚಿಕ್ಕಪ್ಪ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಮಿಠಾಯಿ ಗಟ್ಟಿಯಲ್ಲಿ ನನಗೂ ಒಂದು ಚೂರು ಮುರಿದು ಕೊಟ್ಟು ಹೋದಳು. ಅಳುತ್ತಲೇ ತಿಂದೆ. ಸುಟ್ಟ ಸಕ್ಕರೆಯ ರುಚಿ, ಕೊನೆಯಲ್ಲಿ ಒಂಚೂರು ತಗಡಿನ ಒಗರು.

ಮಧ್ಯಾಹ್ನ ಹಾಸನದ ವರ್ತಕ ಬಂದ. ಸೀಳಿದ ಸೀಲುಗಳ ರಾಶಿ ನೋಡಿ ಚಿಕ್ಕಪ್ಪನ ಮುಖ ನೋಡಿದ, ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಖಾಲಿ ಮಳಿಗೆಯನ್ನು ಯಾರೋ ಬಳೆ ವ್ಯಾಪಾರಿ ಹಿಡಿದ. ಚಿಕ್ಕಪ್ಪ ಸಾಯುವವರೆಗೂ ಗೋಣಿತಾಟಿನ ಮೇಲೆಯೇ ವ್ಯಾಪಾರ ಮಾಡಿದ. ಅವನು ಮಹಾತ್ಮನೇನೂ ಆಗಲಿಲ್ಲ. ಆಮೇಲೂ ಬಾಯಿ ತುಂಬ ಸುಳ್ಳು ಹೇಳಿ ಜನರನ್ನು ನಗಿಸುತ್ತಿದ್ದ. ಆದರೆ ಮುಚ್ಚಿದ್ದು ಯಾವುದನ್ನೂ ಮುಚ್ಚಿದ ಹಾಗೆಯೇ ಮಾರಲಿಲ್ಲ. ಬಳೆ ಅಂಗಡಿಯ ಮುಂದೆ ಹಾದುಹೋಗುವಾಗ ಮಾತ್ರ ಅವನ ನಡಿಗೆ ಕೊಂಚ ಬಿರುಸಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಇನ್ನು ಊರವರು? ಅಂದು ಸಂಜೆ ಎಲ್ಲರೂ ಮನೆಗೆ ಹೋಗಿ ಡಬ್ಬಿ ತೆಗೆದು ನೋಡುತ್ತಾರೆ, ಮಾರನೆಯ ದಿನ ಜಗಳಕ್ಕೆ ಬರುತ್ತಾರೆ ಎಂದು ನಾವು ಹೆದರಿದ್ದೆವು. ಒಬ್ಬರೂ ಬರಲಿಲ್ಲ. ಒಬ್ಬರೂ ತೆಗೆಯಲೇ ಇಲ್ಲ. ಕಮಲಮ್ಮ ತಮ್ಮದನ್ನು ಬೀರುವಿನ ಇನ್ನೂ ಮೇಲಿನ ಅಂತಸ್ತಿಗೆ ಏರಿಸಿದರು.

ಒಡೆದ ಡಬ್ಬಿಗಳನ್ನು ಅಜ್ಜಿ ಬೂದಿ ಹಾಕಿ ತಿಕ್ಕಿದಳು. ಉಪ್ಪು, ಮೆಣಸು, ಅರಿಸಿನ, ಎಲ್ಲದರ ಮೇಲೂ ಒಬ್ಬೊಬ್ಬ ರಾಣಿ ಕೂತು ನಮ್ಮ ಅಡಿಗೆಮನೆ ಬಹಳ ವರ್ಷ ಆಸ್ಥಾನವೇ ಆಗಿತ್ತು.

ಈಗ ಆ ಕಿತ್ತಳೆ ಮರಗಳಿಲ್ಲ. ರೋಗ ಬಂದು ಒಂದೊಂದಾಗಿ ಒಣಗಿದವು. ಪೇಟೆಯಲ್ಲಿ ಕಿತ್ತಳೆ ಬಲೆಚೀಲದಲ್ಲಿ ಕಟ್ಟಿಸಿಕೊಂಡು ಬರುತ್ತದೆ. ಸುಲಿದು ಕೊಡಿ ಎಂದರೆ ಹುಚ್ಚಿ ಎಂದುಕೊಳ್ಳುತ್ತಾರೆ. ಮೊನ್ನೆ ಮೊನ್ನೆ ಮೈಸೂರಿನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಗಾಜಿನೊಳಗೆ ರಾಣಿ ಡಬ್ಬಿ ಇತ್ತು. ಅದೇ ಕಿರೀಟ, ಅದೇ ಚಿನ್ನದ ಬಳ್ಳಿ, ಸೀಲು ಒಡೆದಿರಲಿಲ್ಲ. ಅಂಗಡಿಯ ಹುಡುಗ ಹೇಳಿದ ಬೆಲೆಗೆ ಚಿಕ್ಕಪ್ಪ ಆಸೆಪಟ್ಟ ಆ ಮಳಿಗೆಯನ್ನು ಅಂದು ಬಾಗಿಲ ಸಮೇತ ಕೊಳ್ಳಬಹುದಿತ್ತು.

"ಒಂದು ಸಲ ಅಲ್ಲಾಡಿಸಿ ನೋಡಲಾ?" ಎಂದೆ.

"ಮುಟ್ಟಬೇಡಿ ಅಮ್ಮ, ಸೀಲ್ ಹೋದ್ರೆ ಎಲ್ಲಾ ಹೋಯ್ತು."

"ಒಳಗೆ ಹೇಗಿದೆಯಪ್ಪ?"

"ಯಾರು ತೆಗೀತಾರೆ ಬಿಡಿ ಅಮ್ಮ" ಎಂದು ನಕ್ಕ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅದು ನಮ್ಮ ಚಿಕ್ಕಪ್ಪನದೇ ಮಾತು, ನಗುವೂ ಹೆಚ್ಚುಕಡಿಮೆ ಅವನದೇ. ಆದರೆ ಚಿಕ್ಕಪ್ಪ ಹಾಗೆ ಹೇಳಿದಾಗ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಅವನ ತಾಯಿ ಕೂತಿರುತ್ತಿದ್ದಳು. ಒಂದು ದಿನ ಎದುರಿಗೆ ಕೋಳಿ ಹಿಡಿದುಕೊಂಡು ಸೆಲ್ಲಮ್ಮ ಬಂದು ನಿಂತಿದ್ದಳು. ಈ ಹುಡುಗನ ಪಕ್ಕದಲ್ಲಿ ಯಾರೂ ಇರಲಿಲ್ಲ.