ಶಂಕ್ರೆಪ್ಪಣ್ಣನ ನಾಲ್ಕನೇ ಟ್ಯೂನು

"ಲೇ ಸಂಗ್ಯಾ, ಮೆಲ್ಲಗ ಬಾರ್ಸು. ಇದು ಮದ್ವಿ ಮೆರವಣಿಗಿ ಅಲ್ಲ." ಸ್ಟುಡಿಯೋದವನ ಮುಂದೆ ಶಂಕ್ರೆಪ್ಪಣ್ಣ ನನಗೆ ಹಾಗೆ ಅನ್ನಬಾರದಿತ್ತು. ಎರಡು ವರ್ಷವಾಯಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಂಗ್ಟಿಯ ಶಂಕ್ರೆಪ್ಪಣ್ಣ ನಮ್ಮ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ, ನನ್ನದು ಡ್ರಮ್ಮು. ನಾರಾಯಣಖೇಡದಿಂದ ತಾಂಡೂರಿನವರೆಗೆ ಇಪ್ಪತ್ತೆರಡು ವರ್ಷ ಮದುಮಕ್ಕಳ ಮುಂದೆ ನಡೆದಿದ್ದೇವೆ. ಅವನ ಉಸಿರು ಮುಗಿಯುವಾಗ ಎಡ ಹೆಗಲು ಏರುತ್ತಿತ್ತು. ಕೂಡಲೇ ನಾನು ಡ್ರಮ್ಮಿನ ಮೇಲೆ ಗುಡುಗಿನಂಥ ಒಂದು ಸುತ್ತು ಬಾರಿಸುತ್ತಿದ್ದೆ. ಆ ಸದ್ದಿನ ಮರೆಯಲ್ಲಿ ಅವನು ಎದೆ ತುಂಬಿಕೊಳ್ಳುತ್ತಿದ್ದ. ನಮ್ಮ ಬ್ಯಾಂಡಿನಲ್ಲಿ ಇದಕ್ಕೆ ಉಸಿರು ಕೊಡುವುದು ಅನ್ನುತ್ತೇವೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಅರವತ್ತು ದಾಟಿದ ಮೇಲೆ ಅವನ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ವಾದ್ಯದ ಬಾಯನ್ನು ಮೇಲಿನ ಹಲ್ಲು ಊರಿ ಹಿಡಿಯದಿದ್ದರೆ ಅವನಿಗೆ ಸ್ಯಾಕ್ಸೊಫೋನ್ ಊದಲು ಬರದು. ಕೀಳಲೇಬೇಕೆಂದು ಬೀದರಿನ ಡಾಕ್ಟರು ದಿನ ಕೊಟ್ಟರು. ಅಷ್ಟರಲ್ಲಿ ಅವನಿಗೆ ಮೊಬೈಲಿನಲ್ಲಿ ಜಾಜ್ ಕೇಳುವ ಹುಚ್ಚು ಹತ್ತಿತ್ತು.

"ನೋಡ್ರೋ, ನಾಕೇ ಮಂದಿ. ಹಾಡವ್ರಿಲ್ಲ, ಕುಣಿಯವ್ರಿಲ್ಲ. ತಮ್ಮ ಮನಸಿಗಿ ಬಂದಿದ್ದು ಬಾರ್ಸಾಕತ್ಯಾರ. ಹಲ್ಲ ಹೋಗೂಕಿಂತ ಮೊದ್ಲ ನಂದೂ ನಾಕು ಟ್ಯೂನಿನ ಆಲ್ಬಂ ಆಗಬೇಕು."

"ಮಂದಿ ರೊಟ್ಟಿ ಚಿಂತಿ ಮಾಡ್ತಾರ, ನೀ ಆಲ್ಬಂ ಅಂತಿ!" ಎಂದು ಢೋಲಕಿನ ಮೊಗಲಪ್ಪ ನಕ್ಕ.

ನಕ್ಕರೂ ಬರಲು ಒಪ್ಪಿದ. ಕೀಬೋರ್ಡಿಗೆ ನಮ್ಮ ಬ್ಯಾಂಡಿನ ಜ್ಞಾನೇಶ್ವರನೂ ಒಪ್ಪಿದ. ಹಲ್ಲು ಕೀಳಿಸುವ ಹಿಂದಿನ ದಿನ ನಾಲ್ವರೂ ಜಹೀರಾಬಾದಿನ ಸ್ಟುಡಿಯೋಕ್ಕೆ ಹೋದೆವು. ಅಲ್ಲಿ ಕುರ್ಚಿ ಹಾಕಿ ಕೂರಿಸಿದರು. ನಡೆಯುತ್ತ ಬಾರಿಸಿದ ಕೈಗೆ ಕೂತರೆ ತಾಳ ಎಲ್ಲಿ ಸಿಗಬೇಕು? ಹೊಡೆತ ಜೋರಾಯಿತು. ಆಗಲೇ ಅವನು ಆ ಮಾತು ಅಂದದ್ದು. ಸ್ಟುಡಿಯೋದವನು ಕಿಸಕ್ಕನೆ ನಕ್ಕ. ಮೂರು ಟ್ಯೂನು ಮುಖ ಗಂಟಿಕ್ಕಿಕೊಂಡೇ ಬಾರಿಸಿದೆ.

ನಾಲ್ಕನೆಯದು, ಮದುವೆ ಮುಗಿಸಿ ಪೆದ್ದೆಮುಲ್ ರಸ್ತೆಯಲ್ಲಿ ಬರುವಾಗ ಅವನು ಟೆಂಪೋದಲ್ಲಿ ಗುನುಗುತ್ತಿದ್ದದ್ದು. ಅವನ ಜೀವವೆಲ್ಲ ಅದರಲ್ಲಿತ್ತು. ನಡುವೆ ಒಂದು ಉದ್ದನೆಯ ಸ್ವರ. ಅವನ ಎಡ ಹೆಗಲು ಏರಿತು. ನೋಡಿದೆ. ಮೆಲ್ಲಗೆ ಬಾರಿಸು ಅಂದಿದ್ದನಲ್ಲ, ಅನುಭವಿಸಲಿ! ಕಡ್ಡಿ ಎತ್ತಲಿಲ್ಲ. ಅವನು ಉಸಿರಿಲ್ಲದೆ ಎಳೆದ, ಸ್ವರ ಒಡೆಯಿತು. ವಸಡಿನಿಂದ ರಕ್ತ ಗಡ್ಡಕ್ಕಿಳಿಯಿತು. ಮತ್ತೊಮ್ಮೆ ಊದಲು ಆಗಲಿಲ್ಲ. ಆ ಒಡಕೇ ಆಲ್ಬಮ್ಮಿನಲ್ಲಿ ಉಳಿಯಿತು.

"ಉಸಿರ ಯಾಕ ಕೊಡ್ಲಿಲ್ಲೋ?" ಎಂದ.

"ಮದ್ವಿ ಮೆರವಣಿಗಿ ಅಲ್ಲಲ್ಲ, ಅಣ್ಣಾ?" ಎಂದೆ.

ಮರುದಿನ ಹಲ್ಲು ಕಿತ್ತರು. ಕಟ್ಟಿಸಿಕೊಂಡ ಹಲ್ಲಿನಿಂದ ರೊಟ್ಟಿ ತಿನ್ನುತ್ತಾನೆ, ಊದಲು ಹೋದರೆ ಹಲ್ಲೇ ಕಳಚುತ್ತದೆ. ನಾನು ಹೋದಾಗಲೆಲ್ಲ ಮೊಬೈಲಿನಲ್ಲಿ ಆ ಟ್ಯೂನನ್ನೇ ಹಚ್ಚುತ್ತಾನೆ. ಒಡೆಯುವ ಜಾಗ ಬಂದಾಗ ಅವನ ಎಡ ಹೆಗಲು ತಾನಾಗಿ ಏರುತ್ತದೆ. ನನಗೆ ಅವನ ಮೇಲೂ ಸಿಟ್ಟು ಬರುತ್ತದೆ, ನನ್ನ ಮೇಲೂ. ನಾನಿನ್ನೂ ತಪ್ಪಾಯಿತು ಅಂದಿಲ್ಲ. ಅವನು ಮೊದಲು ಅನ್ನಲಿ. ಆದರೆ ಆ ಒಂದು ಉಸಿರು ನಾನು ಕೊಡಬೇಕಾದದ್ದು ಹೌದು. ಕೊಡೋಣವೆಂದರೆ, ಅವನು ಈಗ ಊದುವುದಿಲ್ಲ.