ಕಣ್ಣಿಗೆ ಬರೀ ನೀರು

ನಮ್ಮ ವಿಜ್ಞಾನದ ಟೀಚರ್ ಉಡುತ್ತಿದ್ದ ಸೀರೆಗಳ ಸೆರಗಿನಲ್ಲೆಲ್ಲ ಸಾಸಿವೆ ಗಾತ್ರದ ತೂತುಗಳಿರುತ್ತಿದ್ದವು. ಲ್ಯಾಬಿನ ಆಸಿಡ್ ಹನಿ ಬಿದ್ದು ಆದದ್ದು. ಒಳ್ಳೊಳ್ಳೆ ಸೀರೆ ಹಾಳು ಮಾಡುತ್ತಾರೆಂದು ನಮ್ಮ ಅಜ್ಜಿಗೆ ಅವರ ಮೇಲೆ ಸಿಟ್ಟು. ದಿಬ್ಬೂರಹಳ್ಳಿಯ ನಮ್ಮ ಮನೆಯ ಮುಂಭಾಗದಲ್ಲೇ ಅವರು ಬಾಡಿಗೆಗಿದ್ದುದರಿಂದ ಬೈಗುಳ ದಿನವೂ ತಲುಪುತ್ತಿತ್ತು.

ಪಾಠವನ್ನು ಅವರು ಶಾಲೆಯಲ್ಲೇ ಬಿಟ್ಟು ಬರುವವರಲ್ಲ. ಕದಡಿದ ಟ್ಯಾಂಕರ್ ನೀರಿಗೆ ಪಟಿಕ ಆಡಿಸುವರು. ನೊರೆ ಬಾರದ ಬೋರ್‌ವೆಲ್ ನೀರಿಗೆ ವಾಷಿಂಗ್ ಸೋಡ ಹಾಕಿಸುವರು. ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಒಂದೇ ಮೂಲೆಯಲ್ಲಿಟ್ಟಿದ್ದ ಅಮ್ಮನಿಗೆ, “ಇವೆರಡೂ ಸೇರಿದ್ರೆ ವಿಷದ ಗಾಳಿ ಬರುತ್ತೆ. ಅತ್ತೆ ಸೊಸೆ ಇದ್ದಂಗೆ, ಬೇರೆ ಬೇರೆ ಇಡಿ” ಎಂದರು. ಅಜ್ಜಿ ಅಲ್ಲೇ ಕೂತಿದ್ದಳು.

ಒಂದು ಭಾನುವಾರ ರೇಷ್ಮೆಹುಳು ಸಾಕುವ ಮನೆಗೆ ಬಳಿಯಲೆಂದು ಅಪ್ಪ ಡ್ರಮ್ಮಿನಲ್ಲಿ ಸುಣ್ಣದ ಕಲ್ಲಿಗೆ ನೀರು ಹುಯ್ದಿದ್ದರು. ಅದು ಕೊತಕೊತ ಕುದಿಯುವುದನ್ನು ನೋಡಲು ಬಗ್ಗಿದೆ. ಸಿಡಿದು ನನ್ನ ಬಲಗಣ್ಣಿಗೆ ಬಿತ್ತು. ನನ್ನ ಕಿರುಚಾಟ ಕೇಳಿ ಟೀಚರ್ ಹೊರಗೆ ಬಂದರು. ಅಜ್ಜಿ ಹರಳೆಣ್ಣೆ ತಂದಳು. ಹತ್ತನೇ ಕ್ಲಾಸಿನಲ್ಲಿದ್ದ ಅಕ್ಕ ನಿಂಬೆಹಣ್ಣು ಕುಯ್ದುಕೊಂಡು ಓಡಿಬಂದಳು.

“ಸುಣ್ಣ ಕ್ಷಾರ, ನಿಂಬೆ ಆಮ್ಲ. ಸೇರಿದ್ರೆ ತಟಸ್ಥ ಆಗುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು ಮಿಸ್!”

ಟೀಚರ್ ಅವಳ ಕೈಗೆ ಹೊಡೆದು ಹಣ್ಣು ಬೀಳಿಸಿದರು. “ಅದು ಗಾಜಿನ ಲೋಟದಲ್ಲಿ ಕಣೇ! ಕಣ್ಣಿಗೆ ಬರೀ ನೀರು. ಹೋಗು, ಕೊಡ ತಗೊಂಡ್ ಬಾ.”

ರೆಪ್ಪೆಯನ್ನು ಬಲವಂತವಾಗಿ ಬಿಡಿಸಿ ನೀರು ಹುಯ್ದೇ ಹುಯ್ದರು. ಉರಿ ತಾಳದೆ ನಾನು ಅವರ ಕೈ ಕಚ್ಚಿದೆ. ಬಿಡಲಿಲ್ಲ. “ಕನ್ನು ಪೋತುಂದೇಮೋ” ಎಂದು ಅಜ್ಜಿ ತೆಲುಗಿನಲ್ಲಿ ಗೋಳಾಡಿದಳು. ಕಣ್ಣು ಹೋಗುತ್ತದೇನೋ ಎಂಬ ಭಯ ನನಗೂ ಹೊಕ್ಕಿತು. ಚಿಕ್ಕಬಳ್ಳಾಪುರದ ಆಸ್ಪತ್ರೆ ಬರುವವರೆಗೂ ಆಟೋದಲ್ಲಿ ಹುಯ್ಯುತ್ತಲೇ ಬಂದರು. ಸೀಟು ನೆನೆಯಿತೆಂದು ಡ್ರೈವರ್ ಗೊಣಗಿದ.

ಡಾಕ್ಟರು ಪರೀಕ್ಷೆ ಮಾಡಿ, “ತಕ್ಷಣ ನೀರು ಹಾಕಿದ್ದಕ್ಕೆ ಕಣ್ಣು ಉಳೀತು” ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಟೀಚರ್ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟರು. ಅಕ್ಕನ ತಲೆ ಸವರುತ್ತಾ, “ನಿನ್ನ ತಪ್ಪಲ್ಲ ಕಣಮ್ಮ. ನಾನು ಅರ್ಧ ಪಾಠ ಮಾಡಿದ್ದೆ” ಎಂದರು. ಆಮೇಲೆ ಪ್ರತಿ ವರ್ಷ ಆಮ್ಲ, ಕ್ಷಾರದ ಪಾಠ ಮುಗಿದಾಗ ಇಡೀ ಕ್ಲಾಸಿನಿಂದ “ಕಣ್ಣಿಗೆ ಬರೀ ನೀರು” ಎಂದು ಕೂಗಿಸುತ್ತಿದ್ದರು. ಪಕ್ಕದ ಕ್ಲಾಸಿನ ಮೇಷ್ಟ್ರು ಗಲಾಟೆಯೆಂದು ಮುನಿಸಿಕೊಂಡರೂ ಕೂಗು ನಿಲ್ಲಲಿಲ್ಲ.

ನಿವೃತ್ತಿಯಾದ ಮೇಲೆ ಟೀಚರ್ ಚಿಂತಾಮಣಿಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದು ನಾನೂ ಅಕ್ಕನೂ ಹೋದೆವು. ಜನ ಬೇಗ ಬೇಗ ನೋಡಿ ಸರಿಯುತ್ತಿದ್ದರು. ನಾನು ಸರಿಯಲಿಲ್ಲ. ಅವರ ಮುಖವನ್ನು ಬಹಳ ಹೊತ್ತು ನೋಡಿದೆ, ಎರಡೂ ಕಣ್ಣಿಂದ.